ಮಗಳಿಗೆ ಕಾಲೇಜು ಹುಡುಕಿದ ಬಗೆ

ಮೃಗಶಿರಾ ಮಳೆ ಹತ್ತಿರ ಬಂತೆಂದರೆ ನಮ್ಮಂಥ ಒಣಬೇಸಾಯದವರಿಗೆ ಎರಡು ಚಿಂತೆ ಜೊತೆಯಲ್ಲೇ ಸುರುವಾಗುತ್ತವೆ. ಒಂದು ಬೀಜ-ಗೊಬ್ಬರದ್ದು. ಇನ್ನೊಂದು ಪಿಯುಸಿ ಮುಗಿಸಿದ ಮಕ್ಕಳದ್ದು. ಬೀಜದ ವಿಷಯ ನಮಗೆ ಗೊತ್ತು. ಯಾವ ಹೊಲಕ್ಕೆ ಯಾವ ತಳಿ, ಎರೆಗೆ ಯಾವುದು, ಮಸಾರಿಗೆ ಯಾವುದು ಎಂದು ಯಾರನ್ನೂ ಕೇಳಬೇಕಿಲ್ಲ. ಮಕ್ಕಳ ಕಾಲೇಜಿನ ವಿಷಯಕ್ಕೆ ಬಂದರೆ ಮಾತ್ರ ಊರಿನ ಮಾತು, ಬೀಗರ ಮಾತು, ಪೇಪರಿನ ಜಾಹೀರಾತು ನಂಬಿ ನಡೆದುಬಿಡುತ್ತೇವೆ. "ದೊಡ್ಡ ಕಾಲೇಜು, ಹೆಸರುವಾಸಿ" ಅಂದರೆ ಸಾಕು, ಅದು ನಮ್ಮ ಹುಡುಗರಿಗೆ ಹೊಂದುತ್ತದೋ ಇಲ್ಲವೋ ನೋಡುವುದಿಲ್ಲ.

ನಾನು ಏಳನೇ ಇಯತ್ತೆವರೆಗೆ ಓದಿದವ. ಕೊಪ್ಪಳ ಜಿಲ್ಲೆ ಯಲಬುರ್ಗಾ ಕಡೆಯವ. ಆರು ಎಕರೆ ಎರೆ ಹೊಲ, ಹಿಂಗಾರಿಗೆ ಬಿಳಿಜೋಳ, ಕಡಲೆ. ಮುಂಗಾರಿ ಚಲೋ ಆದರೆ ಹೆಸರು, ತೊಗರಿ. ಎರಡು ವರ್ಷದ ಹಿಂದೆ ಮಗಳ ಕಾಲೇಜಿನ ಸಲುವಾಗಿ ಮೂರು ತಿಂಗಳು ತಿರುಗಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನನ್ನಂತೆ ಓದು ಕಡಿಮೆ ಇದ್ದ ತಂದೆತಾಯಿಗೆ ಉಪಯೋಗಕ್ಕೆ ಬರಬಹುದು.

ಎರಡು ಎಕರೆ ಮಾರುವ ಮಾತು

ಮಗಳು ವಿಜ್ಞಾನ ತೆಗೆದುಕೊಂಡು ಪಿಯುಸಿ ಪಾಸಾದಳು. ಅಂಕ ಚಲೋ ಬಂದವು, ರಾಜ್ಯಕ್ಕೆ ಮೊದಲು ಬರುವಷ್ಟಲ್ಲ. ನಮ್ಮ ಸಂಬಂಧಿಕರೊಬ್ಬರು ಬೆಂಗಳೂರಲ್ಲಿದ್ದಾರೆ. ಅವರು ಬಂದು, "ಮಾವಾ, ಕಂಪ್ಯೂಟರ್ ಇಂಜಿನಿಯರಿಂಗ್ ಮಾಡಸ್ರಿ. ಮ್ಯಾನೇಜ್‌ಮೆಂಟ್ ಸೀಟು ನಾ ಮಾತಾಡಿ ಕೊಡಸ್ತೀನಿ. ಎರಡು ಎಕರೆ ತೆಗದ್ರ ಆತು, ನಾಲ್ಕು ವರ್ಷಕ್ಕ ಆಕಿ ಹತ್ತು ಎಕರೆ ಕೊಡಸ್ತಾಳ" ಅಂದರು. ಅವರು ಕೆಟ್ಟದ್ದು ಹೇಳಲಿಲ್ಲ, ನಮ್ಮ ಒಳ್ಳೆಯದಕ್ಕೇ ಹೇಳಿದರು.

ಮಗಳು ಒಳಗಿಂದ ಕೇಳಿಸಿಕೊಂಡಿದ್ದಳು. ರಾತ್ರಿ ಊಟಕ್ಕೆ ಕೂತಾಗ, "ಅಪ್ಪಾ, ನನಗ ಕಂಪ್ಯೂಟರ್ ಬ್ಯಾಡ. ಅಗ್ರಿ ಓದತೀನಿ. ಹೊಲ ಮಾರಿ ಓದಸಿದ್ರ ನನಗ ಓದಾಕ ಆಗಂಗಿಲ್ಲ" ಅಂದಳು.

ಆಕೆಗೆ ಈ ಆಸೆ ಹುಟ್ಟಿದ್ದಕ್ಕೆ ಕಾರಣ ಇದೆ. ಬಿಎಸ್ಸಿ ಕೃಷಿ ಓದುವವರು ಕಡೇ ವರ್ಷದಲ್ಲಿ ಹಳ್ಳಿಗೆ ಬಂದು ಉಳಿದು ರೈತರ ಜೊತೆ ಕೆಲಸ ಕಲಿಯಬೇಕು. ಆಕೆ ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿಗೂ ಅಂಥ ಹುಡುಗಿಯರ ಒಂದು ತಂಡ ಬಂದಿತ್ತು. ಸಮುದಾಯ ಭವನದಲ್ಲಿ ಉಳಿದು, ಬೆಳಿಗ್ಗೆ ಹೊಲಕ್ಕೆ ಬಂದು ಬೀಜೋಪಚಾರ, ತೊಗರಿ ಕುಡಿ ಚಿವುಟುವುದು ಎಲ್ಲ ಮಾಡಿ ತೋರಿಸಿದರು. ನನ್ನ ಮಗಳು ದಿನಾ ಅವರ ಹಿಂದೆ. ಅವರಲ್ಲಿ ಒಬ್ಬಾಕೆ ಬೀದರ ಕಡೆಯ ಸಣ್ಣ ರೈತರ ಮಗಳು. "ನನಗೂ ಕನ್ನಡ ಮೀಡಿಯಂ ಇತ್ತು" ಅಂದ ಮಾತು ಇವಳ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು.

ಮಗಳ ಮಾತು ಕೇಳಿದ ಮೇಲೆ ಹೊಲ ಮಾರುವ ವಿಷಯ ಬಿಟ್ಟೆವು. ಒಣಬೇಸಾಯದಲ್ಲಿ ಮಾರಿದ ಹೊಲ ತಿರುಗಿ ಬರುವುದಿಲ್ಲ. ಹೊಲ ಮಾರಿ ಕೊಂಡ ಸೀಟಿನ ಮೇಲೆ ಕೂತ ಮಕ್ಕಳಿಗೆ ಒಂದೊಂದು ಪರೀಕ್ಷೆಯೂ ಎರಡು ಎಕರೆ ತೂಕ ಆಗುತ್ತದೆ. ಒಂದು ವಿಷಯ ಫೇಲಾದರೂ ಮನೆಗೆ ಹೇಳಲು ಹೆದರುತ್ತಾರೆ.

ಐದು ತಿಂಗಳಿಗೆ ತಿರುಗಿ ಬಂದ ಹುಡುಗ

ನಾನು ಇಷ್ಟು ಹುಷಾರಾಗಲು ನಮ್ಮ ಓಣಿಯ ಒಬ್ಬ ಹುಡುಗನ ಕತೆಯೂ ಕಾರಣ. ಜಾಣ ಹುಡುಗ. ಹತ್ತನೇವರೆಗೆ ಊರಿನ ಸರಕಾರಿ ಶಾಲೆ, ಪಿಯುಸಿ ತಾಲೂಕಿನಲ್ಲಿ. ದೊಡ್ಡ ಊರಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ. ಹೆಸರಾದ ಕಾಲೇಜು ಎಂದು ಊರೆಲ್ಲ ಹೊಗಳಿತು. ಐದು ತಿಂಗಳಿಗೆ ಗಂಟು ಕಟ್ಟಿಕೊಂಡು ಬಂದುಬಿಟ್ಟ.

ಜನ ಏನೇನೋ ಆಡಿದರು. ನಾನು ಒಂದಿನ ಹೊಲದ ಬದುವಿನ ಮೇಲೆ ಕೂಡಿಸಿಕೊಂಡು ಕೇಳಿದೆ. "ಕಾಕಾ, ಪಾಠ ತಿಳೀಲಿಲ್ಲ ಅಂತಲ್ಲ. ತಿಳೀಲಿಲ್ಲ ಅಂತ ಯಾರಿಗೆ ಹೇಳಬೇಕು ಅನ್ನೋದು ತಿಳೀಲಿಲ್ಲ. ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ರಿ" ಅಂದ. ಇಂಗ್ಲಿಷಿನಲ್ಲಿ ಪಾಠ, ಹೊರಗೆ ಬಾಡಿಗೆ ಕೋಣೆ, ಊಟಕ್ಕೆ ಖಾನಾವಳಿ. ಜೊತೆಯವರು ಬೇರೆ ರೀತಿ ಬೆಳೆದವರು. ಮನೆಗೆ ಫೋನ್ ಮಾಡಿದರೆ ಅಪ್ಪ ಮೊದಲು ಕೇಳುತ್ತಿದ್ದದ್ದು ಸಾಲದ ಮಾತು.

ಮೇಲಿಂದ ಆ ಕಾಲೇಜಿನವರು ಮೂಲ ಅಂಕಪಟ್ಟಿ ಕೊಡಲು ಸತಾಯಿಸಿದರು. ನಾಲ್ಕೂ ವರ್ಷದ ಶುಲ್ಕ ಕಟ್ಟಿ ಒಯ್ಯಿರಿ ಅಂದರಂತೆ. ಹೀಗೆ ಮಾಡಲು ಕಾಲೇಜಿಗೆ ಅಧಿಕಾರ ಇಲ್ಲ. ಮೂಲ ಪ್ರಮಾಣಪತ್ರ ನೋಡಿ, ನಕಲು ಇಟ್ಟುಕೊಂಡು, ಮೂಲವನ್ನು ವಿದ್ಯಾರ್ಥಿಗೆ ತಿರುಗಿ ಕೊಡಬೇಕು ಎಂದು ಯುಜಿಸಿ 2018ರಲ್ಲೇ ಆದೇಶ ಮಾಡಿದೆ. ಇದನ್ನು ತಿಳಿದ ಮೇಷ್ಟ್ರೊಬ್ಬರು ಅರ್ಜಿ ಬರೆದುಕೊಟ್ಟ ಮೇಲೆ ಅಂಕಪಟ್ಟಿ ಕೈಗೆ ಬಂತು. ಹುಡುಗ ಮರುವರ್ಷ ಜಿಲ್ಲೆಯೊಳಗಿನ ಸರಕಾರಿ ಕಾಲೇಜಿನಲ್ಲಿ ಬಿಎಸ್ಸಿ ಸೇರಿ ಪಾಸು ಮಾಡಿದ, ಈಗ ಬಿಎಡ್ ಓದುತ್ತಿದ್ದಾನೆ. ಬುದ್ಧಿ ಅದೇ, ಹುಡುಗ ಅವನೇ, ಜಾಗ ಮಾತ್ರ ಬೇರೆ. ನಮ್ಮ ಕಡಲೆಯನ್ನು ನೀರು ನಿಲ್ಲುವ ಗದ್ದೆಗೆ ಬಿತ್ತಿದರೆ ಬೀಜದ ತಪ್ಪು ಅಂತ ಯಾರಾದರೂ ಅಂದಾರೇ?

ಸೀಟು ಸಿಗುವ ದಾರಿ

ಕೃಷಿ ಪದವಿ ನಾಲ್ಕು ವರ್ಷದ್ದು, ಎಂಟು ಸೆಮಿಸ್ಟರು. ಸೀಟು ಹಂಚುವುದು ಸಿಇಟಿ ಮೂಲಕ. ನಮ್ಮ ರಾಜ್ಯದಲ್ಲಿ ಸಿಇಟಿ 1994ರಲ್ಲಿ ಸುರುವಾಯಿತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಒಂದೊಂದು ವಿಷಯಕ್ಕೆ 60 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು ಎಂದು ಮಕ್ಕಳಿಗೆ ಹೇಳಿರಿ.

ಕೃಷಿ ವಿಶ್ವವಿದ್ಯಾಲಯಗಳ ಸೀಟಿನಲ್ಲಿ ರೈತರ ಮಕ್ಕಳಿಗೆಂದೇ ಒಂದು ಪಾಲು ಇದೆ. ಮೊದಲು ಶೇ. 40 ಇದ್ದದ್ದನ್ನು ಈಚಿನ ವರ್ಷಗಳಲ್ಲಿ ಶೇ. 50ಕ್ಕೆ ಏರಿಸಿದ್ದಾರೆ. ಇದಕ್ಕೆ ತಹಶೀಲ್ದಾರರಿಂದ ಕೃಷಿಕ ಕುಟುಂಬದ ಪ್ರಮಾಣಪತ್ರ ಬೇಕು. ಮತ್ತೆ 200 ಅಂಕದ ಒಂದು ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಮೇಜಿನ ಮೇಲೆ ಬೀಜ, ಗೊಬ್ಬರ, ಎಲೆ, ಹುಳ, ಕಳೆ, ಸಲಕರಣೆ ಇಟ್ಟಿರುತ್ತಾರೆ, ಗುರುತಿಸಬೇಕು. ಈ ಅಂಕ ರ‍್ಯಾಂಕಿಗೆ ಸೇರುತ್ತದೆ, ಅದೂ ದೊಡ್ಡ ಪಾಲು.

ರೈತರ ಮಕ್ಕಳಿಗೆ ಇದು ಸುಲಭ ಅಂದುಕೊಳ್ಳಬೇಡಿರಿ. ಅಂಕ ಬರಲಿ ಎಂದು ಮಕ್ಕಳನ್ನು ಹೊಲದ ಕಡೆ ಬಿಡದೆ ಬೆಳೆಸಿದ್ದೇವೆ. ನನ್ನ ಮಗಳು ಎರಡು ವರ್ಷ ಪಿಯುಸಿ ಹಾಸ್ಟೆಲಿನಲ್ಲಿದ್ದು ಬಂದವಳು, ಮೊದಲ ದಿನ ನವಣೆ ಯಾವುದು ಸಾಮೆ ಯಾವುದು ಎಂದು ತಡವರಿಸಿದಳು. ಆಗ ನಮ್ಮ ಮನೆಯಾಕೆ ಗುರು ಆದಳು. ಒಂದು ಮೊರದಲ್ಲಿ ಇಪ್ಪತ್ತು ನಮೂನೆ ಕಾಳು ಬೆರೆಸಿ ಇಡುತ್ತಿದ್ದಳು. ಗುರೆಳ್ಳು, ಅಗಸಿ, ಕುಸುಬಿ, ಹುರಳಿ, ಮಡಿಕೆ, ಅಲಸಂದಿ, ಎಲ್ಲ. ಮಗಳು ಕಣ್ಣು ಮುಚ್ಚಿ ಕೈಯಿಂದ ಮುಟ್ಟಿ ಹೇಳುವಷ್ಟು ಕಲಿತಳು. ನಾನು ಗೊಬ್ಬರದ ಅಂಗಡಿಯಿಂದ ಯೂರಿಯಾ, ಡಿಎಪಿ, ಪೊಟ್ಯಾಷ್, ಜಿಪ್ಸಮ್ ಒಂದೊಂದು ಮುಷ್ಟಿ ತಂದು ಬಾಟಲಿಗೆ ಹಾಕಿಟ್ಟೆ. ರಂಟೆ, ಕುಂಟೆ, ಕೂರಿಗೆ, ಎಡೆಕುಂಟೆ ಒಂದೊಂದರ ಭಾಗದ ಹೆಸರು ಹೇಳಿಕೊಟ್ಟೆ. ಮೆಕ್ಕೆಜೋಳದ ಸುಳಿಯಲ್ಲಿನ ಲದ್ದಿ ಹುಳು, ತೊಗರಿಯ ಕಾಯಿಕೊರಕ ಆಕೆಯೇ ಹುಡುಕಿ ನೋಡಿದಳು. ನಮ್ಮ ಸೀಮೆಯಲ್ಲಿ ಇಲ್ಲದ ಅಡಿಕೆ, ಏಲಕ್ಕಿ, ಕಾಫಿ, ರೇಷ್ಮೆಯನ್ನು ಪುಸ್ತಕದ ಚಿತ್ರದಲ್ಲಿ ನೋಡಿಕೊಂಡಳು. ಮಲೆನಾಡಿನ ಮಕ್ಕಳಿಗೆ ಕೂರಿಗೆ ಹೊಸದಾದಂತೆ ನಮ್ಮವರಿಗೆ ಅವು ಹೊಸವು.

ಸಾಲಿ ಕಲಿಯದ ತಾಯಿ, ಏಳನೇ ಕಲಿತ ತಂದೆ ಮಗಳ ಪರೀಕ್ಷೆಗೆ ಪಾಠ ಹೇಳುವುದು ಇದೊಂದರಲ್ಲೇ ಇರಬೇಕು. ರಜೆಯಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯಲು ಪರೀಕ್ಷೆ ಹತ್ತಿರ ಬರುವವರೆಗೆ ಕಾಯಬೇಡಿರಿ.

ಬೇರೆ ಮೀಸಲಾತಿಯೂ ನೋಡಿರಿ. 1ರಿಂದ 10ನೇವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ. 15. 1ರಿಂದ 10ನೇವರೆಗೆ ಕನ್ನಡ ಮಾಧ್ಯಮವಾದರೆ ಶೇ. 5. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ಕಲಮಿನ ಮೇಲೆ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ. 70, ಉಳಿದ ಕರ್ನಾಟಕದಲ್ಲಿ ಶೇ. 8. ಇದು 2013ರಿಂದ ನಡೆದಿದೆ. ಇದಕ್ಕೆ ಉಪವಿಭಾಗಾಧಿಕಾರಿಗಳ ಪ್ರಮಾಣಪತ್ರ ಬೇಕು. ಅದಿಲ್ಲದ್ದಕ್ಕೆ ಕೈಗೆ ಬರಬೇಕಾದ ಸೀಟು ಬಿಟ್ಟವರನ್ನು ನಾನು ಕಂಡಿದ್ದೇನೆ.

ಮೇಳದ ದಿನ ಕಾಲೇಜು ಕಾಣುವುದಿಲ್ಲ

ಕೃಷಿ ಕಾಲೇಜು ಅಂದರೆ ನಮಗೆ ಕೃಷಿ ಮೇಳದ ನೆನಪು. ಧಾರವಾಡದ ಮೇಳಕ್ಕೆ ನಾನೂ ನಾಲ್ಕಾರು ಸಲ ಹೋಗಿದ್ದೇನೆ. ಆದರೆ ಮೇಳದ ದಿನ ಕಾಲೇಜು ನೋಡುವುದು ಮದುವೆ ದಿನ ಬೀಗರ ಮನೆ ನೋಡಿದಂತೆ. ಎಲ್ಲ ಸುಣ್ಣ ಬಣ್ಣ, ಎಲ್ಲರೂ ನಗುಮುಖ. ವಾರದ ನಡುವಿನ ಒಂದು ಸಾದಾ ದಿನ, ಹೇಳದೆ ಕೇಳದೆ ಹೋಗಬೇಕು. ನಾವು ತಂದೆ-ಮಗಳು ಹೀಗೆ ನಾಲ್ಕು ಕಾಲೇಜು ನೋಡಿ ಬಂದೆವು. ರಾಯಚೂರು, ಕಲಬುರಗಿ, ಶಹಾಪುರ ಹತ್ತಿರದ ಭೀಮರಾಯನಗುಡಿ, ಮತ್ತು ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮು. 2023ರಲ್ಲಿ ಸುರುವಾದ ಶಕ್ತಿ ಯೋಜನೆಯಿಂದ ಮಗಳಿಗೆ ಸರಕಾರಿ ಬಸ್ಸಿನ ಖರ್ಚಿಲ್ಲ, ನನ್ನದಷ್ಟೇ. ಬುತ್ತಿ ಕಟ್ಟಿಕೊಂಡು ಹೋಗಿದ್ದೆವು.

ನಾನು ಕಟ್ಟಡ ನೋಡಲಿಲ್ಲ, ನೆಲ ನೋಡಿದೆ. ಭೀಮರಾಯನಗುಡಿ ಇರುವುದು ಕೃಷ್ಣಾ ಕಾಲುವೆ ನೀರಿನ ಸೀಮೆಯಲ್ಲಿ. ಭತ್ತ, ಹತ್ತಿ ಕಲಿಯಲು ಚಲೋ ಜಾಗ. ವಿಜಯಪುರದ್ದು ನಮ್ಮಂಥ ಒಣ ಎರೆ. ಅಲ್ಲೂ ರಾಯಚೂರಿನಲ್ಲೂ 1930ರ ದಶಕದಿಂದಲೇ ಒಣಬೇಸಾಯದ ಸಂಶೋಧನೆ ನಡೆದಿದೆ. ಕಲಬುರಗಿ ತೊಗರಿಯ ಸೀಮೆ. ನಾವು ಬಿತ್ತುವ ಟಿಎಸ್-3ಆರ್ ತೊಗರಿ ಅಲ್ಲಿನ ಸಂಶೋಧನಾ ಕೇಂದ್ರದ್ದೇ. ನಾಲ್ಕು ಕಡೆಯೂ ಪದವಿ ಒಂದೇ, ಪುಸ್ತಕವೂ ಹೆಚ್ಚುಕಡಿಮೆ ಒಂದೇ. ಆದರೆ ನಾಲ್ಕು ವರ್ಷ ಕಿಟಕಿಯಿಂದ ಹೊರಗೆ ಕಾಣುವ ಬೆಳೆ ಬೇರೆ ಬೇರೆ. ಮಗಳಿಗೆ ಒಣಬೇಸಾಯ ಕಲಿಯುವ ಆಸೆ ಇದ್ದುದರಿಂದ ನಮಗೆ ಇದು ಮುಖ್ಯವಾಯಿತು. ತೋಟಗಾರಿಕೆ ಆಸೆ ಇದ್ದವರು ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಕಾಲೇಜು ನೋಡಬೇಕು. ನಮ್ಮ ಜಿಲ್ಲೆಯ ಮುನಿರಾಬಾದಿನಲ್ಲೂ ಒಂದಿದೆ. ಅರಣ್ಯದ ಆಸೆಯವರಿಗೆ ಶಿರಸಿ, ಪೊನ್ನಂಪೇಟೆ ಇವೆ.

ಹೋದಲ್ಲೆಲ್ಲ ನಾವು ಮಾಡಿದ ಕೆಲಸ ಇಷ್ಟು:

1. ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗಿಯರ ಹಾಸ್ಟೆಲಿನ ಹತ್ತಿರ ಕೂತು ಎರಡನೇ ವರ್ಷದವರನ್ನು ಮಾತಾಡಿಸಿದೆವು. ಮೊದಲ ವರ್ಷದವರಿಗೆ ಇನ್ನೂ ಗೊತ್ತಿರುವುದಿಲ್ಲ, ಕಡೇ ವರ್ಷದವರು ಕಷ್ಟ ಮರೆತಿರುತ್ತಾರೆ. ನಾನು ದೂರ ಕೂತೆ, ಮಗಳು ಒಬ್ಬಳೇ ಕೇಳಿದಳು. ಅಪ್ಪನ ಮುಂದೆ ಯಾರೂ ನಿಜ ಹೇಳುವುದಿಲ್ಲ.

2. ಕನ್ನಡ ಮಾಧ್ಯಮದಿಂದ ಬಂದವರು ಎಷ್ಟು ಜನ ಇದ್ದಾರೆ, ಮೊದಲ ಸೆಮಿಸ್ಟರ್ ಹೇಗೆ ದಾಟಿದಿರಿ ಎಂದು ಕೇಳಿದಳು. "ತಿಳೀದಿದ್ದರ ಸರ್ ಹತ್ರ ಹೋಗಿ ಕೇಳಬಹುದೇನು?" ಎಂಬ ಪ್ರಶ್ನೆಗೆ ಹುಡುಗಿಯರ ಮುಖ ನೋಡಿದರೇ ಉತ್ತರ ತಿಳಿಯುತ್ತದೆ.

3. ಹಾಸ್ಟೆಲಿನಲ್ಲಿ ಮೊದಲ ವರ್ಷದವರಿಗೆ ಕೋಣೆ ಖಾತ್ರಿಯೋ ಇಲ್ಲವೋ, ಬೇಸಿಗೆಯಲ್ಲಿ ನೀರು ಹೇಗೆ, ರಾತ್ರಿ ಜ್ವರ ಬಂದರೆ ದವಾಖಾನೆಗೆ ಯಾರು ಕರೆದೊಯ್ಯುತ್ತಾರೆ ಎಂದು ಕೇಳಿದೆವು.

4. ಗ್ರಂಥಾಲಯ ಎಷ್ಟು ಗಂಟೆವರೆಗೆ ತೆರೆದಿರುತ್ತದೆ, ಅಲ್ಲಿ ಹುಡುಗರು ಕೂತಿದ್ದಾರೋ ಬರೀ ಕುರ್ಚಿ ಇವೆಯೋ ನೋಡಿದೆವು.

5. ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ನಡೆದೋ ಸಿಟಿ ಬಸ್ಸಿನಲ್ಲೋ ಹೋಗಿ ನೋಡಿದೆವು. ಸಂಜೆ ತಡವಾಗಿ ಬಸ್ಸಿಳಿದ ಹುಡುಗಿ ಆ ದಾರಿಯಲ್ಲಿ ಹೋಗಬಹುದೋ ಇಲ್ಲವೋ ತಿಳಿಯಿತು.

ರ‍್ಯಾಗಿಂಗ್ ಭಯ ಎಲ್ಲರಿಗೂ ಇರುತ್ತದೆ. 2009ರಿಂದ ಇದರ ಮೇಲೆ ಯುಜಿಸಿಯ ಬಿಗಿ ನಿಯಮ ಇದೆ. ದೂರು ಹೇಳಲು 1800-180-5522 ಎಂಬ ಉಚಿತ ನಂಬರು. ಮಕ್ಕಳ ಮೊಬೈಲಿನಲ್ಲಿ ಬರೆಸಿಟ್ಟು ಕಳಿಸಿರಿ.

ಖಾಸಗಿ ಕಾಲೇಜಿಗೆ ಹೋಗುವವರು ಇನ್ನೂ ಒಂದು ಕೇಳಬೇಕು. ಕೃಷಿ ಕಾಲೇಜಾದರೆ ಐಸಿಎಆರ್ ಮಾನ್ಯತೆ ಇದೆಯೇ, ಇಂಜಿನಿಯರಿಂಗ್ ಆದರೆ ಎಐಸಿಟಿಇ ಒಪ್ಪಿಗೆ ಇದೆಯೇ, ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು. ಬಾಯಿಮಾತು ಬೇಡ, ಪತ್ರ ತೋರಿಸಿ ಅನ್ನಿರಿ. ಖೊಟ್ಟಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಪ್ರಕಟಿಸುತ್ತದೆ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು. ಡೊನೇಶನ್ ತೆಗೆದುಕೊಳ್ಳುವುದನ್ನು ನಮ್ಮ ರಾಜ್ಯದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ.

ಲೆಕ್ಕ ನಾಲ್ಕು ವರ್ಷದ್ದು ಹಾಕಬೇಕು

ಬಹಳ ಜನ ಮೊದಲ ವರ್ಷದ ಶುಲ್ಕ ಹೊಂದಿಸಿ ಸೇರಿಸಿಬಿಡುತ್ತಾರೆ. ಎರಡನೇ ವರ್ಷಕ್ಕೆ ಮಳೆ ಕೈ ಕೊಟ್ಟರೆ ಬಡ್ಡಿ ಸಾಲ. ನಾನು ಒಂದು ಹಾಳೆಯಲ್ಲಿ ಕಾಲೇಜು ಶುಲ್ಕ ಬಿಟ್ಟು ಉಳಿದ ಖರ್ಚು ಬರೆದೆ. ಮಗಳ ಮೊದಲ ವರ್ಷದ್ದು ಹೀಗಾಯಿತು: ಊಟದ ಬಿಲ್ಲು ತಿಂಗಳಿಗೆ 4,000ದಂತೆ ಹತ್ತು ತಿಂಗಳಿಗೆ 40,000. ಪುಸ್ತಕ, ಬಟ್ಟೆ, ಲ್ಯಾಬ್ ಕೋಟು 9,000. ಮೊಬೈಲು 3,000. ನಾನು ಹೋಗಿ ಬಂದ ಬಸ್ ಖರ್ಚು 3,000. ದವಾಖಾನೆ, ಪ್ರವಾಸ, ಇತರೆ 10,000. ಒಟ್ಟು 65,000 ರೂಪಾಯಿ. ಇದರ ಮೇಲೆ ಸರಕಾರಿ ಸೀಟಿನ ಶುಲ್ಕ. ಇದನ್ನು ನಾಲ್ಕರಿಂದ ಗುಣಿಸಿ, ಮುಂದಿನ ವರ್ಷ ದರ ಏರುವುದೆಂದು ಸ್ವಲ್ಪ ಸೇರಿಸಿ, ಎರಡು ಬರದ ವರ್ಷ ಬಂದರೆ ಎಲ್ಲಿಂದ ತರಬೇಕು ಎಂದು ಮೊದಲೇ ಯೋಚಿಸಿದೆವು. ಎರಡು ಎಮ್ಮೆ ಹಾಲಿನ ದುಡ್ಡು ಆಕೆಯ ಊಟದ ಬಿಲ್ಲಿಗೆ ಎಂದು ಮನೆಯಾಕೆ ಅಂದೇ ತೆಗೆದಿಟ್ಟಳು.

ಸಹಾಯ ಸಿಗುವ ಕಡೆ ಬಿಡಬಾರದು. ಹಿಂದುಳಿದ ವರ್ಗ, ಪರಿಶಿಷ್ಟರ ಮಕ್ಕಳಿಗೆ ಸರಕಾರಿ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಇವೆ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ 2021ರಲ್ಲಿ ಸುರುವಾಯಿತು, ಅದಕ್ಕೆ ರೈತರ ಫ್ರೂಟ್ಸ್ ನಂಬರು ಬೇಕು. ಒಂದು ವರ್ಷ ಬಂದದ್ದು ಮುಂದಿನ ವರ್ಷ ತಡವಾಗಬಹುದು, ಆದ್ದರಿಂದ ಇದನ್ನೇ ನಂಬಿ ಲೆಕ್ಕ ಹಾಕಬೇಡಿರಿ.

ಸಾಲ ಬೇಕೇ ಬೇಕಾದರೆ ಊರ ಸಾಹುಕಾರನ ಬದಲು ಬ್ಯಾಂಕಿನ ಶಿಕ್ಷಣ ಸಾಲ ಕೇಳಿರಿ. ಏಳೂವರೆ ಲಕ್ಷದವರೆಗೆ ಹೊಲ ಒತ್ತೆ ಇಡಬೇಕಾಗಿಲ್ಲ. ಓದು ಮುಗಿದು ಒಂದು ವರ್ಷದ ಮೇಲೆ ಕಂತು ಸುರು. ಮನೆಯ ವರ್ಷದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಇದ್ದ ಕಾಲೇಜಿನ ವೃತ್ತಿ ಶಿಕ್ಷಣವಾದರೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರಕಾರ ಕಟ್ಟುವ ಯೋಜನೆ ಇದೆ. ಬ್ಯಾಂಕಿನವರು ತಾವಾಗಿ ಹೇಳುವುದಿಲ್ಲ, ನಾವು ಕೇಳಬೇಕು.

ಆಯ್ಕೆ ಪಟ್ಟಿ ಬರೆಯುವಾಗ

ರ‍್ಯಾಂಕ್ ಬಂದ ಮೇಲೆ ಯಾವ ಕಾಲೇಜು, ಯಾವ ಕೋರ್ಸು ಎಂದು ಕಂಪ್ಯೂಟರಿನಲ್ಲಿ ಸಾಲಾಗಿ ಬರೆಯಬೇಕು. ಇದಕ್ಕೆ ಆಪ್ಷನ್ ಎಂಟ್ರಿ ಅನ್ನುತ್ತಾರೆ. ತಾಲೂಕಿನ ಕಂಪ್ಯೂಟರ್ ಅಂಗಡಿಯಲ್ಲಿ ಸಾಲು ಹಚ್ಚಿ ನಿಂತಿರುತ್ತಾರೆ. ಅಂಗಡಿಯ ಹುಡುಗ ತನಗೆ ತಿಳಿದ ಹೆಸರು ಒತ್ತಿಬಿಡುತ್ತಾನೆ. ಮನೆಯಲ್ಲೇ ಹಾಳೆಯ ಮೇಲೆ ಪಟ್ಟಿ ಬರೆದುಕೊಂಡು ಹೋಗಿರಿ.

ಪಟ್ಟಿಯಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ಬಂದದ್ದು ಮೊದಲು, ಆಮೇಲೆ ಅದಕ್ಕಿಂತ ಕಡಿಮೆ. ಸಿಗಲಿಕ್ಕಿಲ್ಲ ಎಂದು ಬೇಕಾದದ್ದನ್ನು ಕೆಳಗೆ ಹಾಕಬಾರದು, ಮೇಲಿಂದ ನೋಡುತ್ತ ಬಂದು ರ‍್ಯಾಂಕಿಗೆ ಯಾವುದು ಸಿಗುತ್ತದೋ ಅದನ್ನು ಕೊಡುತ್ತಾರೆ. ಸಿಕ್ಕರೂ ಹೋಗದ ಕಾಲೇಜನ್ನು ಪಟ್ಟಿಯಲ್ಲಿ ಹಾಕಲೇಬಾರದು. ಮೊದಲು ಅಣಕು ಹಂಚಿಕೆ ತೋರಿಸುತ್ತಾರೆ, ಅದನ್ನು ನೋಡಿ ಪಟ್ಟಿ ತಿದ್ದಬಹುದು.

ನಿಜವಾದ ಸೀಟು ಬಂದ ಮೇಲೆ ನಾಲ್ಕು ದಾರಿ. ಒಂದನೇ ಆಯ್ಕೆ: ಒಪ್ಪಿ ಸೇರುವುದು. ಎರಡು: ಸೀಟು ಒಪ್ಪಿ, ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುವುದು. ಮೂರು: ಇದು ಬೇಡ, ಮುಂದಿನ ಸುತ್ತು ನೋಡುವೆ ಅನ್ನುವುದು. ನಾಲ್ಕು: ಪೂರ್ತಿ ಹೊರಗೆ ಬರುವುದು. ಎರಡನೆಯದರಲ್ಲಿ ಮೇಲಿನ ಸೀಟು ಸಿಕ್ಕರೆ ಹಳೆಯದು ತಾನೇ ಹೋಗುತ್ತದೆ, ಮತ್ತೆ ಕೇಳುವಂತಿಲ್ಲ. ಶುಲ್ಕ ಯಾವಾಗ ಕಟ್ಟಬೇಕು ಎಂಬುದನ್ನು ಆ ವರ್ಷದ ನಿಯಮದಲ್ಲಿ ಓದಿಸಿ ಕೇಳಿರಿ.

ನಮ್ಮ ಮಗಳ ಪಟ್ಟಿಯಲ್ಲಿ ರಾಯಚೂರು, ಕಲಬುರಗಿ, ವಿಜಯಪುರ, ಭೀಮರಾಯನಗುಡಿ ಹೀಗೆ ಸಾಲಿತ್ತು. ಮೊದಲ ಸುತ್ತಿನಲ್ಲಿ ಭೀಮರಾಯನಗುಡಿ ಬಂತು. ಎರಡನೇ ಆಯ್ಕೆ ಹಾಕಿ ಕಾದೆವು. ಎರಡನೇ ಸುತ್ತಿನಲ್ಲಿ ಕಲಬುರಗಿ ಬಂತು. ಬೆಂಗಳೂರಿನ ಸಂಬಂಧಿಕರು, "ಅಷ್ಟು ಅಂಕ ತೆಗೆದು ಕಲಬುರಗಿಗೇನ್ರಿ? ಆ ಬಿಸಲಾಗ?" ಅಂದರು. "ನಮ್ಮೂರಾಗೇನು ನೆಳ್ಳ ಐತೇನ್ರಿ ಅಣ್ಣಾರ?" ಅಂದಳು ಮಗಳು.

ಸೇರಿದ ಮೇಲೂ ಕೆಲಸ ಇದೆ

ಮೊದಲ ಮೂರು ತಿಂಗಳು ಆಕೆಗೂ ಕಠಿಣ ಆಯಿತು. ಎಲ್ಲ ಇಂಗ್ಲಿಷಿನಲ್ಲಿ. ಒಂದು ನೋಟುಬುಕ್ಕು ಮಾಡಿ, ಎಡಕ್ಕೆ ಕಾಲೇಜಿನ ಹೆಸರು, ಬಲಕ್ಕೆ ನಮ್ಮ ಹೆಸರು ಬರೆದುಕೊಂಡಳು. ಕಜಾನಸ್ ಕಜಾನ್ ಅಂದರೆ ತೊಗರಿ, ಸೈಸರ್ ಅರೈಟಿನಮ್ ಅಂದರೆ ಕಡಲೆ, ಸೈನೋಡಾನ್ ಅಂದರೆ ನಮ್ಮ ಜೀವ ತಿನ್ನುವ ಕರಿಕೆ. ಒಂದು ರಾತ್ರಿ ಫೋನ್ ಮಾಡಿ, "ಅಪ್ಪಾ, ಕೆಮಿಸ್ಟ್ರಿ ಒಳಗ ಕಡಿಮೆ ಬಂದಾವು" ಅಂದಳು. ನಾನು, "ಬರಲಿ ಬಿಡವ್ವ, ಊಟ ಮಾಡಿದ್ಯೇನು? ಆ ಮೇಡಂ ಹತ್ರ ಹೋಗಿ ಕೇಳು" ಅಂದೆ. ಹೋಗಿ ಕೇಳಿದಳು, ಹೇಳಿಕೊಟ್ಟರು. ಸೇರುವ ಮೊದಲೇ ಅಲ್ಲಿನ ಹುಡುಗಿಯರಿಂದ ಇದನ್ನು ಕೇಳಿ ತಿಳಿದಿದ್ದರಿಂದ ಆಕೆಗೆ ಧೈರ್ಯ ಇತ್ತು.

ಫೋನಿನಲ್ಲಿ ಸಾಲದ ಮಾತು, ಮಳೆ ಹೋದ ಮಾತು ಆಡುವುದಿಲ್ಲ ಎಂದು ನಾವಿಬ್ಬರೂ ಮನೆಯಲ್ಲಿ ತೀರ್ಮಾನ ಮಾಡಿದ್ದೇವೆ. ಕೇಳಿದರೆ ನಿಜ ಹೇಳುತ್ತೇವೆ, ನಾವಾಗಿ ಸುರು ಮಾಡುವುದಿಲ್ಲ.

ಓದಿದ ಮೇಲೆ ನೌಕರಿ ಏನು ಎಂದು ಎಲ್ಲರೂ ಕೇಳುತ್ತಾರೆ. ಕೃಷಿ ಇಲಾಖೆಯಲ್ಲಿ ಅಧಿಕಾರಿ ಹುದ್ದೆ, ಬ್ಯಾಂಕುಗಳಲ್ಲಿ ಕೃಷಿ ಅಧಿಕಾರಿ, ಬೀಜ-ಗೊಬ್ಬರದ ಕಂಪನಿ, ಮುಂದೆ ಎಂಎಸ್ಸಿ, ಅಥವಾ ಸ್ವಂತ ಔಷಧ-ಗೊಬ್ಬರದ ಅಂಗಡಿ. ಯಾವುದೂ ಕೈಯಲ್ಲಿಟ್ಟು ಕೊಡುವುದಿಲ್ಲ, ಎಲ್ಲದಕ್ಕೂ ಪೈಪೋಟಿ ಇದೆ. ಅಂಕ ಕಡಿಮೆ ಬಂದವರು ಬೇಸರ ಮಾಡಬೇಕಾಗಿಲ್ಲ. ಹತ್ತನೇ ಪಾಸಾದವರಿಗೆ ಕೃಷಿ ವಿಶ್ವವಿದ್ಯಾಲಯಗಳದ್ದೇ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಅದೂ ಕನ್ನಡದಲ್ಲಿ. ಹೊಲದಲ್ಲೇ ಉಳಿಯುವ ಮಕ್ಕಳಿಗೆ ಅದು ಕಡಿಮೆ ಓದೇನಲ್ಲ.

ಈಗಲೇ ತಯಾರು ಮಾಡಬೇಕಾದ ಕಾಗದ

ಪಿಯುಸಿ ಎರಡನೇ ವರ್ಷದಲ್ಲಿ ಮಕ್ಕಳಿದ್ದವರು ದೀಪಾವಳಿ ಮುಗಿದ ಕೂಡಲೇ ಇವಕ್ಕೆ ಓಡಾಡಿರಿ. ಜೂನ್ ತಿಂಗಳಲ್ಲಿ ನಾಡಕಚೇರಿಯ ಮುಂದೆ ನಿಂತರೆ ಬಿತ್ತಿಗೆ ತಪ್ಪುತ್ತದೆ:

- ಜಾತಿ-ಆದಾಯ ಪ್ರಮಾಣಪತ್ರ (ಅದರ ಮೇಲಿನ ಆರ್‌ಡಿ ನಂಬರು ಸರಿಯಾಗಿ ಬರೆದಿಟ್ಟುಕೊಳ್ಳಿ)
- ಕೃಷಿಕ ಕುಟುಂಬದ ಪ್ರಮಾಣಪತ್ರ, ಹೊಸ ಪಹಣಿ
- 1ರಿಂದ 10ನೇವರೆಗಿನ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ (ಬಿಇಒ ರುಜು ಬೇಕಾಗುತ್ತದೆ)
- ಕಲ್ಯಾಣ ಕರ್ನಾಟಕದವರಿಗೆ 371ಜೆ ಪ್ರಮಾಣಪತ್ರ
- ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಅದಕ್ಕೆ ಆಧಾರ್ ಜೋಡಣೆ
- ರೈತರ ಫ್ರೂಟ್ಸ್ ನಂಬರು

ಹತ್ತನೇ ಅಂಕಪಟ್ಟಿ, ಆಧಾರ್, ಪಹಣಿ ಮೂರರಲ್ಲೂ ತಂದೆಯ ಹೆಸರು ಒಂದೇ ರೀತಿ ಇದೆಯೇ ನೋಡಿರಿ. ನಮ್ಮ ಪಹಣಿಯಲ್ಲಿ ಇನ್ನೂ ನಮ್ಮ ತಂದೆಯವರ ಹೆಸರಿತ್ತು. ವಾರಸಾ ಮಾಡಿಸಲು ಎರಡೂವರೆ ತಿಂಗಳು ಹಿಡಿಯಿತು. ಮೊದಲೇ ಸುರು ಮಾಡಿದ್ದಕ್ಕೆ ವೇಳೆಗೆ ಸಿಕ್ಕಿತು.

ಮಕ್ಕಳ ಜೊತೆ ಕಾಲೇಜು ನೋಡಲು ಹೋಗುವವರು ಬುತ್ತಿಗೆ ನಾಲ್ಕು ರೊಟ್ಟಿ ಹೆಚ್ಚು ಕಟ್ಟಿಕೊಂಡು ಹೋಗಿರಿ. ಹಾಸ್ಟೆಲಿನ ಹುಡುಗಿಯರು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಂಡರೆ ಎಲ್ಲ ನಿಜವನ್ನೂ ಹೇಳಿಬಿಡುತ್ತಾರೆ.